ತೂಕದ ಚೀಟಿ ಕೊಡುವ ಮುಂಚೆ: ಬಫರಿನಲ್ಲಿರುವ ಬರಹವನ್ನು ಡಿಸ್ಕಿಗೆ ಮುಟ್ಟಿಸುವುದು ಹೇಗೆ

ದಾವಣಗೆರೆಯ ಎಪಿಎಂಸಿಗೆ ಮೆಕ್ಕೆಜೋಳ ಬರುವ ಕಾಲದಲ್ಲಿ ವೇಬ್ರಿಡ್ಜ್ ಮುಂದೆ ಲಾರಿ, ಟ್ರ್ಯಾಕ್ಟರುಗಳು ಸಾಲುಗಟ್ಟಿರುತ್ತವೆ. ತುಂಬಿದ ಗಾಡಿ ಹತ್ತಿದಾಗ ಒಂದು ತೂಕ, ಮಾಲು ಇಳಿಸಿ ಖಾಲಿ ಬಂದಾಗ ಇನ್ನೊಂದು. 14,260 ಕಿಲೋದಲ್ಲಿ 5,840 ಕಳೆದರೆ ನಿವ್ವಳ 8,420 ಕಿಲೋ, ಅಂದರೆ 84 ಕ್ವಿಂಟಲ್ 20 ಕಿಲೋ. ಪ್ರಿಂಟರಿನಿಂದ ಚೀಟಿ ಬರುತ್ತದೆ, ರೈತರು ಅದನ್ನು ಮಡಿಚಿ ಜೇಬಿಗಿಟ್ಟುಕೊಂಡು ದಲಾಲಿ ಅಂಗಡಿ ಕಡೆ ಹೊರಡುತ್ತಾರೆ. ಅಷ್ಟರಲ್ಲಿ ಕರೆಂಟು ಹೋಯಿತು ಅನ್ನಿ. ಐದು ನಿಮಿಷ ಬಿಟ್ಟು ಕಂಪ್ಯೂಟರ್ ಎದ್ದಾಗ ಆ ಚೀಟಿ ನಂಬರೇ ಫೈಲಿನಲ್ಲಿಲ್ಲ.

ಪ್ರೋಗ್ರಾಮಿನಲ್ಲಿ ಹುಡುಕಿದರೆ ತಪ್ಪು ಕಾಣುವುದಿಲ್ಲ. ಫೈಲ್ ತೆರೆದಿದೆ, ಸಾಲು ಬರೆದಿದೆ, ಬರೆಯುವ ಫಂಕ್ಷನ್ ‘ಆಯಿತು’ ಎಂದೇ ಉತ್ತರ ಕೊಟ್ಟಿದೆ. ಆದರೆ ಆ ‘ಆಯಿತು’ ಡಿಸ್ಕ್ ಹೇಳಿದ್ದಲ್ಲ. ಒಂದು ಮೆಮೊರಿಯಿಂದ ಇನ್ನೊಂದು ಮೆಮೊರಿಗೆ ನಕಲಾಯಿತು ಅನ್ನುವುದಷ್ಟೇ ಅದರ ಅರ್ಥ. ಚೀಟಿ ಅಂದರೆ ರೈತರಿಗೆ ಕೊಟ್ಟ ಮಾತು. ಮಾತು ಕೊಡುವ ಮುಂಚೆ ದಾಖಲೆ ಡಿಸ್ಕಿನಲ್ಲಿ ಕೂತಿರಬೇಕು. ಇದನ್ನು ಸರಿಯಾಗಿ ಮಾಡಲು ಬೇಕಾಗುವ ಕೋಡ್ ಇಪ್ಪತ್ತು ಸಾಲು ದಾಟುವುದಿಲ್ಲ. ಕಷ್ಟ ಇರುವುದು ಆ ಸಾಲುಗಳ ಕ್ರಮದಲ್ಲಿ, ಅವು ಹಿಂದಿರುಗಿಸುವ ಉತ್ತರವನ್ನು ನೋಡುವುದರಲ್ಲಿ. ಇಲ್ಲಿ ಲಿನಕ್ಸ್ ಮತ್ತು ಸಿ ಭಾಷೆ ಹಿಡಿದು ವಿವರಿಸಿದೆ. ವಿಂಡೋಸ್ ಮತ್ತು ಬೇರೆ ಭಾಷೆಗಳ ಹೆಸರುಗಳು ಮುಂದೆ ಬರುತ್ತವೆ.

ಬರಹ ಎಲ್ಲೆಲ್ಲಿ ತಂಗುತ್ತದೆ

ಹೊಲದಿಂದ ಬಂದ ಜೋಳ ಒಂದೇ ಸಲಕ್ಕೆ ಗೋದಾಮು ಸೇರುವುದಿಲ್ಲ. ಗಾಡಿಯಲ್ಲಿ ಸ್ವಲ್ಪ ಹೊತ್ತು, ಅಂಗಡಿ ಮುಂದೆ ರಾಶಿಯಾಗಿ ಸ್ವಲ್ಪ ಹೊತ್ತು, ಆಮೇಲೆ ಹಮಾಲರ ಹೆಗಲ ಮೇಲೆ ಒಳಗೆ. ಮಳೆ ಬಂದಾಗ ಮಾಲು ಎಲ್ಲಿತ್ತು ಅನ್ನುವುದರ ಮೇಲೆ ನಷ್ಟ ಎಷ್ಟು ಅಂತ ಗೊತ್ತಾಗುತ್ತದೆ. ಫೈಲಿಗೆ ಬರೆಯುವ ಡೇಟಾದ ಪಾಡೂ ಇದೇ, ಅದಕ್ಕೆ ಮೂರು ತಂಗುದಾಣ.

ಮೊದಲನೆಯದು ನಿಮ್ಮ ಪ್ರೋಗ್ರಾಮಿನೊಳಗಿನ ಬಫರ್. ಎಫ್‌ಪ್ರಿಂಟ್‌ಎಫ್, ಎಫ್‌ರೈಟ್ ಮುಂತಾದ ಬರೆಯುವ ಫಂಕ್ಷನ್ನುಗಳು ಬೈಟುಗಳನ್ನು ಇಲ್ಲಿ ಕೂಡಿಹಾಕುತ್ತವೆ. ಲಿನಕ್ಸಿನಲ್ಲಿ ಸಾಮಾನ್ಯ ಫೈಲಿಗೆ ಈ ಬಫರ್ ಹೆಚ್ಚಾಗಿ 4096 ಬೈಟು. ಒಂದು ತೂಕದ ದಾಖಲೆ 64 ಬೈಟು ಅಂತಿಟ್ಟುಕೊಳ್ಳಿ: 64 ದಾಖಲೆ ಸೇರಿದರೆ ಬಫರ್ ಸರಿಯಾಗಿ ಭರ್ತಿ. ಬೆಳಿಗ್ಗೆಯಿಂದ 40 ಗಾಡಿ ತೂಗಿ 40 ಚೀಟಿ ಕೊಟ್ಟಿದ್ದರೂ ಡಿಸ್ಕಿನ ಮಾತು ಹಾಗಿರಲಿ, ಆಪರೇಟಿಂಗ್ ಸಿಸ್ಟಮ್ಮಿಗೇ ಒಂದು ಬೈಟೂ ತಲುಪಿಲ್ಲ. ಫೈಲಿನ ಅಳತೆ ನೋಡಿದರೆ ಸೊನ್ನೆ. ಪ್ರೋಗ್ರಾಮ್ ಬಿದ್ದುಹೋದರೆ ನಲವತ್ತೂ ಹೋದವು, ಕರೆಂಟು ಹೋಗಲೇಬೇಕೆಂದಿಲ್ಲ. ಪರೀಕ್ಷೆ ಮಾಡುವಾಗ ಇದು ಕಣ್ಣಿಗೆ ಬೀಳದಿರಲು ಕಾರಣವಿದೆ: ಟರ್ಮಿನಲ್ಲಿಗೆ ಬರೆಯುವಾಗ ಸಾಲು ಮುಗಿದ ಕೂಡಲೇ ಬಫರ್ ಖಾಲಿಯಾಗುತ್ತದೆ, ಫೈಲಿಗೆ ಬರೆಯುವಾಗ ಹಾಗಾಗುವುದಿಲ್ಲ. ಸಾಲಿನ ಕೊನೆಗೆ ನ್ಯೂಲೈನ್ ಹಾಕಿದೆ, ಬರಹ ಹೋಗಿರುತ್ತದೆ ಅನ್ನುವ ನಂಬಿಕೆ ಫೈಲಿನ ಮಟ್ಟಿಗೆ ತಪ್ಪು.

ಎರಡನೆಯದು ಕರ್ನಲ್‌ನ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನ, ಪೇಜ್ ಕ್ಯಾಶ್. ಬಫರ್ ಖಾಲಿ ಮಾಡುವ ಎಫ್‌ಫ್ಲಶ್ ಕರೆದಾಗ, ಇಲ್ಲವೇ ನೀವೇ ರೈಟ್ ಕರೆದಾಗ ಡೇಟಾ ಇಲ್ಲಿಗೆ ಬರುತ್ತದೆ. ಇನ್ನು ಪ್ರೋಗ್ರಾಮ್ ಸತ್ತರೂ ಚಿಂತೆಯಿಲ್ಲ, ಕರ್ನಲ್ ಇಟ್ಟುಕೊಂಡಿರುತ್ತದೆ. ಆದರೆ ಇದೂ ರ‍್ಯಾಮ್. ಮಾರ್ಪಾಡಾಗಿ ಇನ್ನೂ ಡಿಸ್ಕಿಗೆ ಹೋಗದ ಪುಟಕ್ಕೆ ಡರ್ಟಿ ಪೇಜ್ ಅನ್ನುತ್ತಾರೆ. ಅವನ್ನು ಬರೆಯುವ ಥ್ರೆಡ್ ಲಿನಕ್ಸಿನ ಡಿಫಾಲ್ಟ್ ಸೆಟ್ಟಿಂಗಿನಲ್ಲಿ 5 ಸೆಕೆಂಡಿಗೊಮ್ಮೆ ಏಳುತ್ತದೆ, 30 ಸೆಕೆಂಡಿಗಿಂತ ಹಳೆಯದಾದ ಪುಟಗಳನ್ನು ಎತ್ತಿಕೊಳ್ಳುತ್ತದೆ. ಅಂದರೆ ಚೀಟಿ ಕೊಟ್ಟು ಅರ್ಧ ನಿಮಿಷದವರೆಗೆ ದಾಖಲೆ ಗಾಳಿಯಲ್ಲಿ ತೂಗುತ್ತಿರುತ್ತದೆ. ಈ ಸೆಟ್ಟಿಂಗುಗಳನ್ನು ಕಡಿಮೆ ಮಾಡಿ ಸಮಸ್ಯೆ ಬಗೆಹರಿಸಲು ಹೋಗಬೇಡಿ. ಗಾಳಿಯಲ್ಲಿರುವ ಹೊತ್ತು ತಗ್ಗುತ್ತದೆಯೇ ಹೊರತು ಯಾವ ದಾಖಲೆ ಸೇರಿತು, ಯಾವುದು ಇಲ್ಲ ಅನ್ನುವುದು ಪ್ರೋಗ್ರಾಮಿಗೆ ಆಗಲೂ ಗೊತ್ತಾಗುವುದಿಲ್ಲ.

ಮೂರನೆಯದು ಡ್ರೈವಿನೊಳಗಿನ ಕ್ಯಾಶ್. ಹಾರ್ಡ್ ಡಿಸ್ಕಿಗೂ ಎಸ್‌ಎಸ್‌ಡಿಗೂ ತಮ್ಮದೇ ಮೆಮೊರಿ ಇರುತ್ತದೆ. ಕರ್ನಲ್ ಕಳಿಸಿದ್ದನ್ನು ಅಲ್ಲಿ ಇಳಿಸಿಕೊಂಡು ‘ಬಂತು’ ಅನ್ನುತ್ತವೆ. ಸಾಮಾನ್ಯ ಡ್ರೈವುಗಳಲ್ಲಿ ಕರೆಂಟು ಹೋದರೆ ಅದೂ ಹೋಯಿತು. ಅದನ್ನು ಖಾಲಿ ಮಾಡಿಸಲು ಡ್ರೈವಿಗೆ ಪ್ರತ್ಯೇಕ ಫ್ಲಶ್ ಆಜ್ಞೆ ಕಳಿಸಬೇಕು.

ಎಫ್‌ಸಿಂಕ್ ಎಂಬ ಕರೆ ಡೇಟಾವನ್ನು ಎರಡನೆಯದರಿಂದ ಕೊನೆಯವರೆಗೆ ದಾಟಿಸುತ್ತದೆ: ಆ ಫೈಲಿನ ಡರ್ಟಿ ಪೇಜುಗಳನ್ನೂ ಮೆಟಾಡೇಟಾವನ್ನೂ (ಅಳತೆ, ಸಮಯದಂಥ ಫೈಲಿನ ವಿವರ) ಬರೆಸಿ, ಡ್ರೈವಿಗೆ ಫ್ಲಶ್ ಆಜ್ಞೆ ಕೊಟ್ಟು, ಉತ್ತರ ಬರುವ ತನಕ ಕಾಯುತ್ತದೆ. ಎಫ್‌ಡೇಟಾಸಿಂಕ್ ಕೂಡ ಅದೇ ಕೆಲಸ ಮಾಡುತ್ತದೆ, ಆದರೆ ಬದಲಾದ ಸಮಯದಂಥ, ಓದಲು ಬೇಕಿಲ್ಲದ ಮೆಟಾಡೇಟಾವನ್ನು ಬಿಡುತ್ತದೆ. ಫೈಲ್ ಬೆಳೆದಿದ್ದರೆ ಹೊಸ ಅಳತೆಯನ್ನು ಅದೂ ಬರೆಯುತ್ತದೆ, ಹಾಗಾಗಿ ಕೊನೆಗೆ ಸೇರಿಸುತ್ತ ಹೋಗುವ ಫೈಲಿಗೆ ಎಫ್‌ಡೇಟಾಸಿಂಕ್ ಸಾಕು. ಸಿಂಕ್ ಎಂಬ ಆಜ್ಞೆ ಇಡೀ ಮಷೀನಿನ ಎಲ್ಲ ಫೈಲುಗಳನ್ನು ಬರೆಸುತ್ತದೆ. ಒಂದು ದಾಖಲೆಗೋಸ್ಕರ ಅದನ್ನು ಕರೆಯುವುದು ಒಂದು ಚೀಲಕ್ಕೆ ಮಾರ್ಕೆಟ್ಟನ್ನೇ ಗುಡಿಸಿದಂತೆ, ಮೇಲಾಗಿ ಅದರಿಂದ ತಪ್ಪಿನ ವರದಿಯೂ ಸಿಗುವುದಿಲ್ಲ. ಸಿಂಕ್‌ಫೈಲ್‌ರೇಂಜ್ ಅನ್ನುವ ಇನ್ನೊಂದು ಕರೆ ಇದೆ, ಹೆಸರು ನೋಡಿ ಮರುಳಾಗಬೇಡಿ: ಅದು ಮೆಟಾಡೇಟಾ ಬರೆಯುವುದಿಲ್ಲ, ಡ್ರೈವಿನ ಕ್ಯಾಶನ್ನೂ ಮುಟ್ಟುವುದಿಲ್ಲ.

ಒಂದು ದಾಖಲೆ ಬರೆಯುವ ಕ್ರಮ

ಇಂಥ ಸಣ್ಣ, ಒಂದೊಂದಾಗಿ ಬರುವ ದಾಖಲೆಗೆ ಎಫ್‌ಓಪನ್ ಕುಟುಂಬವನ್ನು ಬಿಟ್ಟು ನೇರವಾಗಿ ಓಪನ್, ರೈಟ್ ಬಳಸಿ. ಮೊದಲ ತಂಗುದಾಣವೇ ಇಲ್ಲವಾಗುತ್ತದೆ, ತಪ್ಪಾಗುವ ಜಾಗ ಒಂದು ಕಡಿಮೆ.

ದಾಖಲೆಯ ಅಳತೆ ನಿಗದಿ ಇರಲಿ. ಚೀಟಿ ನಂಬರಿಗೆ 7 ಅಕ್ಷರ, ವರ್ಷದಿಂದ ಸೆಕೆಂಡಿನವರೆಗೆ ದಿನಾಂಕ ಮತ್ತು ಸಮಯಕ್ಕೆ 14, ಕೆಎ 17ರಿಂದ ಶುರುವಾಗುವಂಥ ಗಾಡಿ ನಂಬರಿಗೆ 10, ತುಂಬಿದ ತೂಕ, ಖಾಲಿ ತೂಕ, ನಿವ್ವಳಕ್ಕೆ ತಲಾ 6, ಕೊನೆಗೆ ದಾಖಲೆ ಕೆಟ್ಟಿಲ್ಲವೆಂದು ತಾಳೆ ನೋಡುವ ಸಿಆರ್‌ಸಿ-32 ಮೊತ್ತಕ್ಕೆ ಹೆಕ್ಸ್‌ನಲ್ಲಿ 8. ಇಷ್ಟಕ್ಕೆ 57. ನಡುವೆ ಆರು ಅಲ್ಪವಿರಾಮ, ಕೊನೆಗೊಂದು ನ್ಯೂಲೈನ್ ಸೇರಿ 64. ಗಾಡಿ ನಂಬರು ಚಿಕ್ಕದಿದ್ದರೆ ಖಾಲಿ ಜಾಗ ತುಂಬಿ. ಹೀಗಿದ್ದರೆ ಎಷ್ಟನೇ ದಾಖಲೆ ಎಲ್ಲಿ ಶುರುವಾಗುತ್ತದೆ ಅನ್ನುವುದು ಬರೀ ಗುಣಾಕಾರ, ಫೈಲಿನ ಅಳತೆ 64ರಿಂದ ಭಾಗವಾಗದಿದ್ದರೆ ಬಾಲ ತುಂಡಾಗಿದೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ.

1. ಫೈಲನ್ನು ಬರೆಯಲು ಮಾತ್ರ ತೆರೆಯಿರಿ, ಜೊತೆಗೆ ಓ_ಅಪೆಂಡ್ ಕೊಡಿ. ಪ್ರತಿ ರೈಟ್ ತಾನಾಗಿಯೇ ಕೊನೆಗೆ ಸೇರುತ್ತದೆ. ದಿನವಿಡೀ ತೆರೆದೇ ಇರಲಿ, ಪ್ರತಿ ಚೀಟಿಗೂ ತೆರೆದು ಮುಚ್ಚಬೇಕಿಲ್ಲ.

2. 64 ಬೈಟನ್ನೂ ಸಿಆರ್‌ಸಿ ಸಮೇತ ಮೆಮೊರಿಯಲ್ಲಿ ಸಿದ್ಧಮಾಡಿ ಒಂದೇ ರೈಟ್‌ನಲ್ಲಿ ಕಳಿಸಿ. ತೂಕಕ್ಕೊಂದು ರೈಟ್, ಗಾಡಿ ನಂಬರಿಗೊಂದು ರೈಟ್ ಅಂತ ಚೂರು ಮಾಡಬೇಡಿ.

3. ರೈಟ್ ಹಿಂದಿರುಗಿಸಿದ್ದು 64 ಆಗಿದೆಯೇ ನೋಡಿ. ಕಡಿಮೆ ಬಂದರೆ ಉಳಿದದ್ದನ್ನು ಮತ್ತೆ ಕಳಿಸಿ. ಮೈನಸ್ ಒಂದು ಬಂದು ತಪ್ಪಿನ ಸಂಕೇತ ಸಿಗುವ ಎರ್‌ನೋದಲ್ಲಿ ಇಐಎನ್‌ಟಿಆರ್ ಇದ್ದರೆ ಸಿಗ್ನಲ್ ಅಡ್ಡ ಬಂದಿದೆ ಅಷ್ಟೇ, ಮತ್ತೆ ಪ್ರಯತ್ನಿಸಿ. ಇಎನ್‌ಒಎಸ್‌ಪಿಸಿ ಇದ್ದರೆ ಡಿಸ್ಕ್ ತುಂಬಿದೆ. ಅರ್ಧ ಬರೆದು ನಿಂತಿದ್ದರೆ ಎಫ್‌ಟ್ರಂಕೇಟ್‌ನಿಂದ ಫೈಲನ್ನು ಮೊದಲಿನ ಅಳತೆಗೆ ತನ್ನಿ, ಆಪರೇಟರಿಗೆ ತಿಳಿಸಿ.

4. ಎಫ್‌ಡೇಟಾಸಿಂಕ್ ಕರೆಯಿರಿ. ಉತ್ತರ ಸೊನ್ನೆ ಬರಬೇಕು.

5. ಸೊನ್ನೆ ಬಂದ ಮೇಲೆ ಮಾತ್ರ ಪ್ರಿಂಟರಿಗೆ ಕಳಿಸಿ.

ನಾಲ್ಕು ಮತ್ತು ಐದರ ನಡುವೆ ಕರೆಂಟು ಹೋದರೆ? ದಾಖಲೆ ಇದೆ, ಚೀಟಿ ಇಲ್ಲ. ಪ್ರೋಗ್ರಾಮ್ ಮತ್ತೆ ಎದ್ದಾಗ ಕೊನೆಯ ದಾಖಲೆಯನ್ನು ತೆರೆಯ ಮೇಲೆ ತೋರಿಸಿ, ‘ಚೀಟಿ ಬಂದಿತ್ತೇ?’ ಎಂದು ಕೇಳಿ, ಇಲ್ಲವೆಂದರೆ ಅದೇ ನಂಬರಿನಲ್ಲಿ ‘ನಕಲು’ ಎಂದು ಮುದ್ರಿಸಿ ಕೊಡಿ. ದಾಖಲೆಯಿಂದ ಚೀಟಿ ಯಾವಾಗ ಬೇಕಾದರೂ ಹುಟ್ಟುತ್ತದೆ. ಕ್ರಮ ತಿರುಗುಮುರುಗಾದರೆ ಚೀಟಿ ರೈತರ ಜೇಬಿನಲ್ಲಿರುತ್ತದೆ, ದಾಖಲೆ ಎಲ್ಲೂ ಇರುವುದಿಲ್ಲ. ಗಾಡಿಯೂ ಊರು ದಾರಿ ಹಿಡಿದಿರುತ್ತದೆ, ಮತ್ತೆ ತೂಗಲು ಮಾಲೂ ಇರುವುದಿಲ್ಲ.

ಹಳೆಯ ಕೋಡ್ ಎಫ್‌ಪ್ರಿಂಟ್‌ಎಫ್‌ನಲ್ಲೇ ಇದ್ದು ಬದಲಿಸಲಾಗದಿದ್ದರೆ ಮೊದಲು ಎಫ್‌ಫ್ಲಶ್, ಅದರ ಉತ್ತರ ನೋಡಿ, ಆಮೇಲೆ ಫೈಲ್‌ನೋದಿಂದ ಡಿಸ್ಕ್ರಿಪ್ಟರ್ (ತೆರೆದ ಫೈಲಿಗೆ ಕರ್ನಲ್ ಕೊಡುವ ನಂಬರು) ಪಡೆದು ಎಫ್‌ಸಿಂಕ್. ಎಫ್‌ಫ್ಲಶ್ ಬಿಟ್ಟು ಎಫ್‌ಸಿಂಕ್ ಮಾತ್ರ ಕರೆದಿರುವ ಕೋಡ್ ಬಹಳ ಕಡೆ ಸಿಗುತ್ತದೆ. ಅದು ತಪ್ಪಿಲ್ಲದೆ ಓಡುತ್ತದೆ, ಸೊನ್ನೆಯನ್ನೇ ಹಿಂದಿರುಗಿಸುತ್ತದೆ. ಕರ್ನಲ್ ಬಳಿ ಬರೆಯಲು ಏನೂ ಇರಲಿಲ್ಲ, ಎಲ್ಲವೂ ಇನ್ನೂ ಪ್ರೋಗ್ರಾಮಿನ ಬಫರಿನಲ್ಲೇ ಇತ್ತು, ಅದಕ್ಕೇ ಆ ಸೊನ್ನೆ. ಎಫ್‌ಫ್ಲಶ್ ಒಂದನ್ನೇ ಕರೆದು ಕೈತೊಳೆದುಕೊಳ್ಳುವುದು ಇನ್ನೊಂದು ತಪ್ಪು. ಎಫ್‌ಕ್ಲೋಸ್ ಅಥವಾ ಕ್ಲೋಸ್ ಕರೆದರೆ ಡಿಸ್ಕಿಗೆ ಹೋಯಿತು ಅಂದುಕೊಳ್ಳುವುದು ಮೂರನೆಯದು. ಮುಚ್ಚುವುದಕ್ಕೂ ಡಿಸ್ಕಿಗೆ ಮುಟ್ಟಿಸುವುದಕ್ಕೂ ಸಂಬಂಧವಿಲ್ಲ.

ಬಫರಿನಲ್ಲಿ ಡೇಟಾ ಇರುವಾಗ ಫೋರ್ಕ್ ಮಾಡಿದರೆ, ಅಂದರೆ ಪ್ರೋಗ್ರಾಮಿನ ಇನ್ನೊಂದು ಪ್ರತಿ ಹುಟ್ಟಿಸಿದರೆ, ಬಫರೂ ನಕಲಾಗುತ್ತದೆ, ತಂದೆ ಮಗ ಇಬ್ಬರೂ ಅದನ್ನೇ ಬರೆದು ಒಂದೇ ಚೀಟಿ ಎರಡು ಸಲ ಕಾಣಿಸಿಕೊಳ್ಳಬಹುದು. ಫೋರ್ಕ್‌ಗೆ ಮುಂಚೆ ಎಫ್‌ಫ್ಲಶ್ ಮಾಡಿ.

ಪ್ರತಿ ರೈಟ್‌ಗೂ ಎಫ್‌ಡೇಟಾಸಿಂಕ್ ಬೇಕೇಬೇಕು ಅಂತಿದ್ದರೆ ಫೈಲ್ ತೆರೆಯುವಾಗಲೇ ಓ_ಡಿಸಿಂಕ್ ಕೊಡಬಹುದು. ಮರೆಯುವ ಭಯ ಇರುವುದಿಲ್ಲ. ಓ_ಡೈರೆಕ್ಟ್ ಮಾತ್ರ ಇದಕ್ಕೆ ಬದಲಿಯಲ್ಲ. ಅದು ಪೇಜ್ ಕ್ಯಾಶನ್ನು ಬದಿಗಿಟ್ಟು ಹೋಗುತ್ತದೆ, ಡ್ರೈವಿನ ಕ್ಯಾಶನ್ನು ಖಾಲಿ ಮಾಡಿಸುವುದಿಲ್ಲ.

ಹೊಸ ಫೈಲ್ ಹುಟ್ಟಿಸಿದಾಗ

ದಿನಕ್ಕೊಂದು ಫೈಲ್ ಮಾಡುವ ಪದ್ಧತಿ ಇದ್ದರೆ ಬೆಳಿಗ್ಗೆ ಮೊದಲ ಸಲ ಒಂದು ಹೆಚ್ಚಿನ ಕೆಲಸವಿದೆ. ಫೈಲಿನ ಒಳಗಿರುವುದು ಬೇರೆ, ಡೈರೆಕ್ಟರಿಯಲ್ಲಿ ಅದರ ಹೆಸರು ಇರುವುದು ಬೇರೆ. ಫೈಲಿಗೆ ಎಫ್‌ಸಿಂಕ್ ಮಾಡಿದರೆ ಹೆಸರೂ ಡಿಸ್ಕಿಗೆ ಹೋಗಿರಲೇಬೇಕು ಎಂಬ ಖಾತ್ರಿ ಇಲ್ಲ; ಲಿನಕ್ಸಿನ ಕೈಪಿಡಿ ಪುಟದಲ್ಲೇ ಹಾಗೆ ಬರೆದಿದೆ. ಲಿನಕ್ಸಿನ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಆದ ಎಕ್ಸ್‌ಟಿ-4ನಲ್ಲಿ ಹೆಚ್ಚಾಗಿ ಎರಡೂ ಒಟ್ಟಿಗೇ ಹೋಗುತ್ತವೆ, ಅದನ್ನು ನೆಚ್ಚಿಕೊಂಡು ಕೂರಬಾರದು. ಫೈಲ್ ಸೃಷ್ಟಿಸಿ ಎಫ್‌ಸಿಂಕ್ ಮಾಡಿದ ಮೇಲೆ ಅದರ ಡೈರೆಕ್ಟರಿಯನ್ನು ಓದಲು ಮಾತ್ರ ತೆರೆದು, ಓ_ಡೈರೆಕ್ಟರಿ ಕೊಟ್ಟು, ಆ ಡಿಸ್ಕ್ರಿಪ್ಟರಿಗೂ ಒಂದು ಎಫ್‌ಸಿಂಕ್ ಕರೆದು ಮುಚ್ಚಿ. ಡೈರೆಕ್ಟರಿಯನ್ನೂ ಅದೇ ದಿನ ಹುಟ್ಟಿಸಿದ್ದರೆ ಅದರ ತಾಯಿ ಡೈರೆಕ್ಟರಿಗೂ ಇದೇ ಕೆಲಸ. ಮೊದಲ ಗಾಡಿ ಬರುವ ಮುಂಚೆ ಇದು ಮುಗಿದಿರಲಿ.

ಇದ್ದ ಫೈಲನ್ನು ಪೂರ್ತಿ ಬದಲಿಸುವಾಗ

ತೂಕದ ದಾಖಲೆಯ ಫೈಲ್ ಬೆಳೆಯುತ್ತ ಹೋಗುವಂಥದ್ದು. ಇನ್ನೊಂದು ಬಗೆಯ ಫೈಲಿದೆ: ಮುಂದಿನ ಚೀಟಿ ನಂಬರು ಇಟ್ಟಿರುವುದು, ವೇಬ್ರಿಡ್ಜಿನ ಸೆಟ್ಟಿಂಗು, ವರ್ತಕರ ಪಟ್ಟಿ. ಇವನ್ನು ಪ್ರತಿಸಲ ಪೂರ್ತಿ ಹೊಸದಾಗಿ ಬರೆಯುತ್ತಾರೆ. ಬರೆಯುವ ಮೋಡ್‌ನಲ್ಲಿ ತೆರೆದ ಕ್ಷಣದಲ್ಲೇ ಹಳೆಯದು ಸೊನ್ನೆಗೆ ಇಳಿಯುತ್ತದೆ. ಅಲ್ಲಿಂದ ಹೊಸದು ಡಿಸ್ಕ್ ಸೇರುವ ತನಕ ಕರೆಂಟು ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಖಾಲಿ ಫೈಲ್ ಓದಿದ ಪ್ರೋಗ್ರಾಮ್ ಚೀಟಿ ನಂಬರನ್ನು ಮತ್ತೆ 1ರಿಂದ ಶುರುಮಾಡುತ್ತದೆ. ಒಂದೇ ನಂಬರಿನ ಎರಡು ಚೀಟಿ ಮಾರ್ಕೆಟ್ಟಿನಲ್ಲಿ ಓಡಾಡಿದರೆ ಲೆಕ್ಕ ಸರಿಮಾಡುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಸರಿಯಾದ ದಾರಿ ಹೀಗೆ. ಅದೇ ಡೈರೆಕ್ಟರಿಯಲ್ಲಿ ಬೇರೆ ಹೆಸರಿನ ತಾತ್ಕಾಲಿಕ ಫೈಲ್ ಮಾಡಿ, ಪೂರ್ತಿ ಬರೆದು, ಎಫ್‌ಸಿಂಕ್ ಮಾಡಿ, ಮುಚ್ಚಿ. ರೀನೇಮ್‌ನಿಂದ ಹಳೆಯ ಹೆಸರಿನ ಮೇಲೆ ಕೂರಿಸಿ. ಕೊನೆಗೆ ಡೈರೆಕ್ಟರಿಗೆ ಎಫ್‌ಸಿಂಕ್. ರೀನೇಮ್ ಅರ್ಧಂಬರ್ಧ ಆಗುವಂಥದ್ದಲ್ಲ: ಎದ್ದ ಮೇಲೆ ನೋಡಿದರೆ ಪೂರ್ತಿ ಹಳೆಯದು ಇರುತ್ತದೆ, ಇಲ್ಲವೇ ಪೂರ್ತಿ ಹೊಸದು.

ತಾತ್ಕಾಲಿಕ ಫೈಲನ್ನು ಟೆಂಪ್ ಡೈರೆಕ್ಟರಿಯಲ್ಲಿ ಮಾಡಬೇಡಿ. ಅದು ಬೇರೆ ಫೈಲ್ ಸಿಸ್ಟಮ್ ಆಗಿದ್ದರೆ ರೀನೇಮ್ ಇಎಕ್ಸ್‌ಡೆವ್ ಎಂದು ಮುನಿಸಿಕೊಳ್ಳುತ್ತದೆ. ಆಗ ಕೆಲವು ಲೈಬ್ರರಿಗಳು ನಿಮಗೆ ಹೇಳದೆಯೇ ನಕಲು ಮಾಡಿ ಹಳೆಯದನ್ನು ಅಳಿಸುತ್ತವೆ, ನೀವು ಕಟ್ಟಿದ ರಕ್ಷಣೆಯೆಲ್ಲ ಅಲ್ಲಿಗೆ ಮುಗಿಯಿತು.

ರೀನೇಮ್‌ಗೆ ಮುಂಚಿನ ಎಫ್‌ಸಿಂಕನ್ನು ‘ವೇಗಕ್ಕೆ’ ಅಂತ ಬಿಟ್ಟವರಿಗೆ 2009ರ ಸುಮಾರಿಗೆ ದೊಡ್ಡ ಪಾಠವಾಯಿತು. ಎಕ್ಸ್‌ಟಿ-4 ಡಿಸ್ಕಿನಲ್ಲಿ ಜಾಗ ಹಂಚುವುದನ್ನು ಮುಂದೂಡುತ್ತದೆ. ಹಾಗಾಗಿ ಹೊಸ ಹೆಸರು ಮೊದಲು ಡಿಸ್ಕಿಗೆ ಹೋಗಿ, ಒಳಗಿನ ಬರಹ ಹೋಗುವ ಮುಂಚೆ ಮಷೀನ್ ಬಿದ್ದರೆ ಸೊನ್ನೆ ಬೈಟಿನ ಫೈಲ್ ಉಳಿಯುತ್ತಿತ್ತು. ಕರ್ನಲ್ 2.6.30ರಲ್ಲಿ ಇದಕ್ಕೊಂದು ಉಪಾಯ ಸೇರಿಸಿದರು, ಆದರೂ ಅದು ಎಕ್ಸ್‌ಟಿ-4 ತೋರಿಸಿದ ಔದಾರ್ಯ, ಬೇರೆ ಫೈಲ್ ಸಿಸ್ಟಮ್‌ಗಳಿಂದ ಅದನ್ನು ಬಯಸುವಂತಿಲ್ಲ.

ಚೀಟಿ ನಂಬರಿಗಂತೂ ಪ್ರತ್ಯೇಕ ಫೈಲೇ ಬೇಡ. ಪ್ರೋಗ್ರಾಮ್ ಶುರುವಾದಾಗ ತೂಕದ ಫೈಲಿನ ಕೊನೆಯ ದಾಖಲೆ ಓದಿ ಒಂದು ಕೂಡಿದರೆ ಸಿಗುತ್ತದೆ. ಒಂದೇ ವಿಷಯವನ್ನು ಎರಡು ಕಡೆ ಇಟ್ಟರೆ ಎರಡೂ ಹೊಂದುವಂತೆ ನೋಡಿಕೊಳ್ಳುವ ಹೊಣೆ ನಿಮ್ಮ ಕೊರಳಿಗೆ ಬೀಳುತ್ತದೆ.

ಎಫ್‌ಸಿಂಕ್ ಸೋತರೆ ಮತ್ತೆ ಕರೆಯಬೇಡಿ

ಅನುಭವಸ್ಥರೂ ಎಡವಿದ ಜಾಗ ಇದು. ಎಫ್‌ಸಿಂಕ್ ಇಐಒ (ಡಿಸ್ಕಿನ ಓದು-ಬರಹದ ದೋಷ) ಎಂದು ಸೋತಿತು ಅನ್ನಿ. ಇನ್ನೊಂದು ಸಲ ನೋಡೋಣ ಎಂದು ಮತ್ತೆ ಕರೆಯುತ್ತೀರಿ, ಸೊನ್ನೆ ಬರುತ್ತದೆ, ನೆಮ್ಮದಿಯಿಂದ ಚೀಟಿ ಕೊಡುತ್ತೀರಿ. ದಾಖಲೆ ಡಿಸ್ಕಿನಲ್ಲಿ ಇರುವುದೇ ಇಲ್ಲ.

ಕಾರಣ ಹೀಗಿದೆ: ಬರೆಯಲಾಗದ ಪುಟವನ್ನು ಲಿನಕ್ಸ್ ಡರ್ಟಿ ಪಟ್ಟಿಯಲ್ಲೇ ಉಳಿಸಿಕೊಳ್ಳುವುದಿಲ್ಲ, ‘ಶುದ್ಧ’ ಎಂದು ಗುರುತು ಹಾಕಿಬಿಡುತ್ತದೆ. ತಪ್ಪನ್ನು ಒಂದು ಸಲ ಹೇಳಿ ಮುಗಿಸುತ್ತದೆ. ಎರಡನೆಯ ಎಫ್‌ಸಿಂಕ್‌ಗೆ ಬರೆಯಲು ಏನೂ ಉಳಿದಿರುವುದಿಲ್ಲ, ಹಾಗಾಗಿ ‘ಎಲ್ಲ ಸರಿ’ ಅನ್ನುತ್ತದೆ. ಓದಿ ಪರೀಕ್ಷಿಸೋಣ ಎಂದರೂ ಉಪಯೋಗವಿಲ್ಲ. ಆ ಪುಟ ಪೇಜ್ ಕ್ಯಾಶಿನಲ್ಲೇ ಇದ್ದರೆ ಓದು ಅಲ್ಲಿಂದಲೇ ಬರುತ್ತದೆ, ಡಿಸ್ಕಿನಲ್ಲಿಲ್ಲದ ದಾಖಲೆ ಕಣ್ಣೆದುರು ಅಚ್ಚುಕಟ್ಟಾಗಿ ಕಾಣುತ್ತದೆ. ಪೋಸ್ಟ್‌ಗ್ರೆಸ್ಕ್ಯೂಎಲ್‌ನಂಥ ಹೆಸರಾಂತ ಡೇಟಾಬೇಸ್ ಕೂಡ ವರ್ಷಗಟ್ಟಲೆ ಹೀಗೆ ಮತ್ತೆ ಪ್ರಯತ್ನಿಸುತ್ತಿತ್ತು. 2018ರಲ್ಲಿ ವಿಷಯ ಬೆಳಕಿಗೆ ಬಂದು, 2019ರ ಫೆಬ್ರವರಿಯ ಬಿಡುಗಡೆಗಳಿಂದ ಅದು ಎಫ್‌ಸಿಂಕ್ ಸೋತರೆ ತನ್ನನ್ನೇ ನಿಲ್ಲಿಸಿಕೊಂಡು ಲಾಗ್‌ನಿಂದ ಚೇತರಿಸಿಕೊಳ್ಳುವಂತೆ ಬದಲಾಯಿತು. ಅಷ್ಟರೊಳಗೆ ಕರ್ನಲ್ 4.13ರಲ್ಲಿ ತಪ್ಪಿನ ವರದಿ ಸುಧಾರಿಸಿತ್ತು. ತೆರೆದಿರುವ ಪ್ರತಿ ಡಿಸ್ಕ್ರಿಪ್ಟರಿಗೂ ಆ ತಪ್ಪು ಒಮ್ಮೆಯಾದರೂ ತಿಳಿಯುತ್ತದೆ. ಆದರೂ ಕಳೆದುಹೋದ ಪುಟ ವಾಪಸ್ ಬರುವುದಿಲ್ಲ.

ವೇಬ್ರಿಡ್ಜ್ ಪ್ರೋಗ್ರಾಮಿನಲ್ಲಿ ಮಾಡಬೇಕಾದದ್ದು: ಆ ಫೈಲಿಗೆ ಬರೆಯುವುದನ್ನು ಅಲ್ಲಿಗೇ ನಿಲ್ಲಿಸಿ. ದಾಖಲೆ ಇನ್ನೂ ನಿಮ್ಮ ಪ್ರೋಗ್ರಾಮಿನ ಮೆಮೊರಿಯಲ್ಲಿದೆ. ಅದನ್ನು ಇನ್ನೊಂದು ಡಿಸ್ಕಿನಲ್ಲಿ ಹೊಸ ಫೈಲ್ ತೆರೆದು ಮೊದಲಿಂದ ಬರೆದು ಎಫ್‌ಸಿಂಕ್ ಮಾಡಿ. ಇನ್ನೊಂದು ಡಿಸ್ಕ್ ಇಲ್ಲದಿದ್ದರೆ ತೆರೆಯ ತುಂಬ ಕೆಂಪು ಅಕ್ಷರದಲ್ಲಿ ‘ದಾಖಲೆ ಉಳಿದಿಲ್ಲ, ಪುಸ್ತಕದಲ್ಲಿ ಬರೆಯಿರಿ’ ಎಂದು ತೋರಿಸಿ, ಪ್ರಿಂಟ್ ಬಟನ್ ಮುಚ್ಚಿ. ಸಾಲಿನಲ್ಲಿ ನಿಂತ ಲಾರಿಯವರು ರೇಗುತ್ತಾರೆ, ರೇಗಲಿ. ಇಐಒ ಬಂದ ಡಿಸ್ಕ್ ಹೆಚ್ಚು ದಿನದ್ದಲ್ಲ, ಅವತ್ತೇ ಬದಲಿಸಿ.

ಫೈಲ್ ನೆಟ್‌ವರ್ಕ್ ಡಿಸ್ಕಿನಲ್ಲಿದ್ದರೆ ಜಾಗ ತುಂಬಿದ ಸುದ್ದಿ ರೈಟ್‌ನಲ್ಲಿ ಬರದೆ ಎಫ್‌ಸಿಂಕ್‌ನಲ್ಲೋ ಕ್ಲೋಸ್‌ನಲ್ಲೋ ಬರಬಹುದು, ಆದ್ದರಿಂದ ಕ್ಲೋಸ್‌ನ ಉತ್ತರವನ್ನೂ ನೋಡಬೇಕು. ತೂಕದ ದಾಖಲೆಯನ್ನು ಮೊದಲು ಸ್ಥಳೀಯ ಡಿಸ್ಕಿಗೇ ಬರೆದು ಆಮೇಲೆ ಆಫೀಸಿಗೆ ಕಳಿಸುವುದು ಒಳ್ಳೆಯದು.

ಕರೆಂಟು ಬಂದ ಮೇಲೆ

ಪ್ರೋಗ್ರಾಮ್ ಎದ್ದಾಗ ಮೊದಲು ಫೈಲನ್ನು ಆರಂಭದಿಂದ ಓದಿ ಪ್ರತಿ 64 ಬೈಟಿನ ಸಿಆರ್‌ಸಿ ತಾಳೆ ನೋಡಲಿ. ಒಂದು ದಿನದ ಫೈಲ್ ಕೆಲವು ಕಿಲೋಬೈಟು, ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ಆಗುತ್ತದೆ. ಕೊನೆಯ ದಾಖಲೆ ಮಾತ್ರ ತುಂಡಾಗಿದ್ದರೆ, ಅಥವಾ ಬಾಲದಲ್ಲಿ ಬರೀ ಸೊನ್ನೆ ಬೈಟುಗಳಿದ್ದರೆ, ಅದು ಕರೆಂಟು ಹೋದಾಗ ಬರೆಯುತ್ತಿದ್ದದ್ದು. ಅದಕ್ಕೆ ಎಫ್‌ಡೇಟಾಸಿಂಕ್ ಉತ್ತರ ಬಂದಿರಲಿಲ್ಲ, ಚೀಟಿಯೂ ಹೋಗಿಲ್ಲ. ಆ ಬಾಲವನ್ನು ಬೇರೆ ಫೈಲಿಗೆ ಎತ್ತಿಟ್ಟು, ಮುಖ್ಯ ಫೈಲನ್ನು ಕೊನೆಯ ಸರಿಯಾದ ದಾಖಲೆಗೆ ಕತ್ತರಿಸಿ, ಎಫ್‌ಸಿಂಕ್ ಮಾಡಿ, ಗಾಡಿಯನ್ನು ಮತ್ತೆ ತೂಗಿ.

ನಡುವಿನ ದಾಖಲೆ ಕೆಟ್ಟಿದ್ದರೆ ಮಾತ್ರ ಕತ್ತರಿಸಲು ಹೋಗಬೇಡಿ. ಅದು ಕರೆಂಟಿನ ಕೆಲಸವಲ್ಲ, ಡಿಸ್ಕ್ ಕೆಟ್ಟಿದೆ ಅಥವಾ ಯಾರೋ ಫೈಲಿಗೆ ಕೈಹಾಕಿದ್ದಾರೆ. ಅಲ್ಲಿಂದ ಮುಂದಿನ ಒಳ್ಳೆಯ ದಾಖಲೆಗಳೂ ಕತ್ತರಿಯಲ್ಲಿ ಹೋಗುತ್ತವೆ. ಫೈಲನ್ನು ಹಾಗೇ ಬಿಟ್ಟು ಹೊಸದರಲ್ಲಿ ಮುಂದುವರಿಯಿರಿ.

ಇಷ್ಟೆಲ್ಲ ಕೈಯಾರೆ ಬರೆಯುವುದು ಬೇಡ ಅನಿಸಿದರೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಬಳಸಿ. ಇದೇ ಕ್ರಮವನ್ನು ಅದು ಒಳಗೆ ಮಾಡುತ್ತದೆ, ಎಷ್ಟೋ ಜನ ತಮ್ಮದೇ ಫೈಲ್ ಕಟ್ಟುವುದಕ್ಕಿಂತ ಅದೇ ಮೇಲು. ಒಂದು ಎಚ್ಚರ: ಬದಲಾವಣೆಯನ್ನು ಮೊದಲು ಲಾಗ್‌ಗೆ ಬರೆಯುವ ವ್ಯಾಲ್ ಮೋಡ್‌ನಲ್ಲಿ ಸಿಂಕ್ರೊನಸ್ ಸೆಟ್ಟಿಂಗನ್ನು ನಾರ್ಮಲ್‌ಗೆ ಇಟ್ಟರೆ ಡೇಟಾಬೇಸ್ ಕೆಡುವುದಿಲ್ಲ, ಆದರೆ ಕರೆಂಟು ಹೋದಾಗ ಕೊನೆಯ ಕೆಲವು ದಾಖಲೆಗಳು ಹೋಗಬಹುದು. ಚೀಟಿ ಕೊಡುವ ಕೆಲಸಕ್ಕೆ ಅದನ್ನು ಫುಲ್ ಇಡಿ.

ನಿಧಾನ ಆಗುವುದಿಲ್ಲವೇ?

ಆಗುತ್ತದೆ. 7200 ಆರ್‌ಪಿಎಂ ಹಾರ್ಡ್ ಡಿಸ್ಕ್ ಒಂದು ಸುತ್ತು ತಿರುಗಲು 8.3 ಮಿಲಿಸೆಕೆಂಡು. ಎಫ್‌ಸಿಂಕ್‌ಗೆ ಡೇಟಾ ಬರೆಯುವುದು, ಫೈಲ್ ಸಿಸ್ಟಮ್ ತನ್ನ ಬದಲಾವಣೆಗಳ ಜರ್ನಲ್ ಬರೆಯುವುದು ಸೇರಿ ಕೆಲವು ಸುತ್ತು ಬೇಕು, ಹತ್ತಿಪ್ಪತ್ತು ಮಿಲಿಸೆಕೆಂಡು ಅನ್ನಿ. ಗಾಡಿ ವೇಬ್ರಿಡ್ಜ್ ಹತ್ತಿ ತೂಕ ಸ್ಥಿರವಾಗುವುದಕ್ಕೇ ಹಲವು ಸೆಕೆಂಡು ಬೇಕು. ಇಲ್ಲಿ ವೇಗದ ಮಾತೆತ್ತುವವರ ಸಲಹೆ ಕೇಳಬೇಡಿ.

ಲೆಕ್ಕ ಬೇರೆಯಾಗುವುದು ರಾಶಿ ಡೇಟಾ ಬಂದಾಗ. ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಇಡೀ ಶೇಂಗಾ ಸುಗ್ಗಿಯ 10,000 ದಾಖಲೆಗಳನ್ನು ಹಳೆಯ ಮಷೀನಿನಿಂದ ಹೊಸದಕ್ಕೆ ತರಬೇಕು ಅನ್ನಿ. ಒಂದೊಂದಕ್ಕೂ 20 ಮಿಲಿಸೆಕೆಂಡಿನ ಎಫ್‌ಸಿಂಕ್ ಮಾಡಿದರೆ 200 ಸೆಕೆಂಡು. 500ಕ್ಕೊಂದು ಸಲ ಮಾಡಿದರೆ 20 ಎಫ್‌ಸಿಂಕ್, ಕಾಯುವುದು ಅರ್ಧ ಸೆಕೆಂಡಿಗೂ ಕಡಿಮೆ. ಇಲ್ಲಿ ಯಾರಿಗೂ ಚೀಟಿ ಕೊಡುತ್ತಿಲ್ಲ, ಮೂಲ ಪ್ರತಿಯೂ ಕೈಯಲ್ಲಿದೆ, ನಡುವೆ ನಿಂತರೆ ಮತ್ತೆ ಶುರುಮಾಡಬಹುದು. ಯಾರಿಗಾದರೂ ‘ಆಯಿತು’ ಎಂದು ಹೇಳುವ ಹೊತ್ತಿಗೆ ಎಫ್‌ಸಿಂಕ್ ಆಗಿರಬೇಕು, ಅದರ ನಡುವೆ ಎಷ್ಟು ಬೇಕಾದರೂ ಕೂಡಿಹಾಕಿ.

ವಿಂಡೋಸ್ ಮತ್ತು ಬೇರೆ ಭಾಷೆಗಳು

ವಿಂಡೋಸಿನಲ್ಲಿ ಎಫ್‌ಸಿಂಕ್ ಕೆಲಸ ಮಾಡುವುದು ಫ್ಲಶ್‌ಫೈಲ್‌ಬಫರ್ಸ್. ಹ್ಯಾಂಡಲ್ಲಿಗೆ ಬರೆಯುವ ಹಕ್ಕು ಇರಬೇಕು, ಓದಲು ಮಾತ್ರ ತೆರೆದಿದ್ದರೆ ಸೋಲುತ್ತದೆ. ಸಿ ಲೈಬ್ರರಿಯಲ್ಲಿದ್ದರೆ ಎಫ್‌ಫ್ಲಶ್ ಆದ ಮೇಲೆ ಅಂಡರ್‌ಸ್ಕೋರ್‌ನಿಂದ ಶುರುವಾಗುವ ಕಮಿಟ್ ಕರೆಯಿರಿ. ಡಾಟ್‌ನೆಟ್‌ನಲ್ಲಿ ಫೈಲ್‌ಸ್ಟ್ರೀಮ್‌ನ ಫ್ಲಶ್ ಅನ್ನು ಏನೂ ಕೊಡದೆ ಕರೆದರೆ ಆಪರೇಟಿಂಗ್ ಸಿಸ್ಟಮ್ಮಿಗೆ ಮಾತ್ರ ಹೋಗುತ್ತದೆ; ಟ್ರೂ ಕೊಟ್ಟು ಕರೆದರೆ ಡಿಸ್ಕಿನವರೆಗೆ. ಸ್ಟ್ರೀಮ್‌ರೈಟರ್ ಮೇಲಿದ್ದರೆ ಮೊದಲು ಅದನ್ನು ಫ್ಲಶ್ ಮಾಡಬೇಕು.

ಪೈಥಾನ್‌ನಲ್ಲಿ ಫೈಲಿನ ಫ್ಲಶ್, ಆಮೇಲೆ ಓಎಸ್ ಮಾಡ್ಯೂಲಿನ ಎಫ್‌ಸಿಂಕ್. ಬದಲಿಸಲು ಓಎಸ್‌ನ ರೀಪ್ಲೇಸ್. ಜಾವಾದಲ್ಲಿ ಫೈಲ್‌ಚಾನೆಲ್‌ನ ಫೋರ್ಸ್: ಟ್ರೂ ಕೊಟ್ಟರೆ ಎಫ್‌ಸಿಂಕ್, ಫಾಲ್ಸ್ ಕೊಟ್ಟರೆ ಎಫ್‌ಡೇಟಾಸಿಂಕ್ ಬಗೆ. ಗೋದಲ್ಲಿ ಫೈಲಿನ ಸಿಂಕ್, ರಸ್ಟ್‌ನಲ್ಲಿ ಸಿಂಕ್‌ಆಲ್ ಮತ್ತು ಸಿಂಕ್‌ಡೇಟಾ. ಮ್ಯಾಕ್‌ನಲ್ಲಿ ಎಫ್‌ಸಿಂಕ್ ಡ್ರೈವಿನ ಕ್ಯಾಶನ್ನು ಖಾಲಿ ಮಾಡಿಸುವುದಿಲ್ಲ, ಅಲ್ಲಿ ಎಫ್‌ಸಿಎನ್‌ಟಿಎಲ್‌ಗೆ ಎಫ್_ಫುಲ್‌ಎಫ್‌ಸಿಂಕ್ ಕೊಡಬೇಕು. ಫೈಲನ್ನು ಮೆಮೊರಿಗೆ ಜೋಡಿಸುವ ಎಂಮ್ಯಾಪ್ ಬಳಸಿದ್ದರೆ ಎಂಸಿಂಕ್‌ಗೆ ಎಂಎಸ್_ಸಿಂಕ್ ಕೊಟ್ಟು ಕರೆಯಿರಿ.

ಡ್ರೈವ್ ಮಾತು ಉಳಿಸಿಕೊಳ್ಳುತ್ತದೆಯೇ

ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಡಿಸ್ಕಿನ ಪಾಲಿಸೀಸ್ ಪುಟ ತೆರೆಯಿರಿ. ರೈಟ್ ಕ್ಯಾಶ್ ಬಫರ್ ಫ್ಲಶಿಂಗ್ ನಿಲ್ಲಿಸುವ ಆಯ್ಕೆಗೆ ಟಿಕ್ ಇದ್ದರೆ ತೆಗೆಯಿರಿ. ಟಿಕ್ ಇದ್ದಷ್ಟು ಹೊತ್ತು ನಿಮ್ಮ ಫ್ಲಶ್ ಆಜ್ಞೆ ಡ್ರೈವಿನ ತನಕ ಹೋಗುವುದೇ ಇಲ್ಲ. ಲಿನಕ್ಸಿನಲ್ಲಿ ಸಿಸ್ ಡೈರೆಕ್ಟರಿಯ ಕೆಳಗೆ ಆ ಡಿಸ್ಕಿನ ಕ್ಯೂ ಡೈರೆಕ್ಟರಿಯಲ್ಲಿ ರೈಟ್‌ಕ್ಯಾಶ್ ಎಂಬ ಫೈಲಿದೆ. ಅದರಲ್ಲಿ ರೈಟ್ ಬ್ಯಾಕ್ ಎಂದಿದ್ದರೆ ಕ್ಯಾಶ್ ಇದೆ, ಕರ್ನಲ್ ಫ್ಲಶ್ ಕಳಿಸುತ್ತದೆ ಎಂದರ್ಥ. ಸುರಕ್ಷಿತ ಅಂದುಕೊಂಡು ಅದನ್ನು ರೈಟ್ ಥ್ರೂ ಎಂದು ತಿದ್ದಬೇಡಿ: ಡ್ರೈವಿನ ನಡತೆ ಬದಲಾಗುವುದಿಲ್ಲ, ಕರ್ನಲ್ ಫ್ಲಶ್ ಕಳಿಸುವುದನ್ನು ನಿಲ್ಲಿಸುತ್ತದೆ. ಡ್ರೈವಿನ ಕ್ಯಾಶನ್ನೇ ಬಂದ್ ಮಾಡಬೇಕಿದ್ದರೆ ಎಚ್‌ಡಿಪಾರ್ಮ್‌ನ ದೊಡ್ಡ ಡಬ್ಲ್ಯೂ ಆಯ್ಕೆಗೆ ಸೊನ್ನೆ ಕೊಡಿ.

ಯುಪಿಎಸ್ ಇಡಿ, ಅದನ್ನು ನೆಚ್ಚಿಕೊಂಡು ಎಫ್‌ಸಿಂಕ್ ಬಿಡಬೇಡಿ. ಬ್ಯಾಟರಿ ಹಳೆಯದಾಗುತ್ತದೆ, ಕರ್ನಲ್ ಪ್ಯಾನಿಕ್ ಆಗುತ್ತದೆ, ಸ್ವಿಚ್ಚಿಗೆ ಯಾರದೋ ಕಾಲು ತಾಗುತ್ತದೆ. ಹೊಸ ಎಸ್‌ಎಸ್‌ಡಿ ಕೊಳ್ಳುವುದಿದ್ದರೆ ಕರೆಂಟು ಹೋದಾಗ ಕ್ಯಾಶನ್ನು ಬರೆದು ಮುಗಿಸುವಷ್ಟು ಕೆಪಾಸಿಟರ್ ಇರುವುದನ್ನು ಕೇಳಿ ತನ್ನಿ.

ಪರೀಕ್ಷೆ

ಮೊದಲು, ಪ್ರೋಗ್ರಾಮ್ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಹಾಕಿ ಪ್ರೋಗ್ರಾಮ್ ನಡೆಸಿ, ಒಂದು ಚೀಟಿ ಮಾಡಿ. ಕಾಣಬೇಕಾದ ಕ್ರಮ: 64 ಬೈಟಿನ ರೈಟ್, ಅದರ ಉತ್ತರ 64, ಅದೇ ಡಿಸ್ಕ್ರಿಪ್ಟರಿಗೆ ಎಫ್‌ಡೇಟಾಸಿಂಕ್, ಉತ್ತರ 0, ಆಮೇಲೆ ಪ್ರಿಂಟರಿನ ರೈಟ್. ಪ್ರಿಂಟರಿನ ಸಾಲು ಮೇಲೆ ಬಂದಿದ್ದರೆ ಅಥವಾ ಎಫ್‌ಡೇಟಾಸಿಂಕ್ ಸಾಲೇ ಇಲ್ಲದಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ, ಕೋಡಿಗೆ ವಾಪಸ್ ಹೋಗಿ.

ಎರಡನೆಯದು, ಚೀಟಿ ಬಂದ ಕೂಡಲೇ ಪ್ರೋಗ್ರಾಮನ್ನು ಕಿಲ್ ಮೈನಸ್ 9 ಆಜ್ಞೆಯಿಂದ ತಟ್ಟನೆ ಕೊಲ್ಲಿ. ಇದು ಪ್ರೋಗ್ರಾಮಿನ ಬಫರನ್ನು ಮಾತ್ರ ಪರೀಕ್ಷಿಸುತ್ತದೆ. ಇದರಲ್ಲಿ ಪಾಸಾದದ್ದನ್ನೇ ಕರೆಂಟು ಹೋದರೂ ಉಳಿಯುತ್ತದೆ ಎಂಬುದಕ್ಕೆ ಸಾಕ್ಷಿ ಮಾಡಿಕೊಂಡವರು ಬಹಳ.

ಮೂರನೆಯದು, ಖಾಲಿ ಮಷೀನಿನಲ್ಲಿ ರೂಟ್ ಆಗಿ ಸಿಸ್‌ರಿಕ್ಯೂ ಟ್ರಿಗರ್ ಫೈಲಿಗೆ ಬಿ ಅಕ್ಷರ ಬರೆಯಿರಿ. ಸಿಂಕ್ ಆಗದೆ ಮಷೀನ್ ತಟ್ಟನೆ ಮರುಶುರುವಾಗುತ್ತದೆ, ಪೇಜ್ ಕ್ಯಾಶಿನಲ್ಲಿದ್ದದ್ದು ಹೋಗುತ್ತದೆ. ಆಗಲೂ ಡ್ರೈವಿಗೆ ಕರೆಂಟು ಇದ್ದೇ ಇರುವುದರಿಂದ ಡ್ರೈವಿನ ಕ್ಯಾಶ್ ಪರೀಕ್ಷೆಯಾಗುವುದಿಲ್ಲ.

ಕೊನೆಯದಕ್ಕೆ ಎರಡು ಕಂಪ್ಯೂಟರ್ ಬೇಕು. ಮೊದಲನೆಯದು ದಾಖಲೆ ಬರೆಯುತ್ತ, ಎಫ್‌ಡೇಟಾಸಿಂಕ್ ಸೊನ್ನೆ ಕೊಟ್ಟ ಮೇಲೆ ಆ ಚೀಟಿ ನಂಬರನ್ನು ನೆಟ್‌ವರ್ಕಿನಲ್ಲಿ ಎರಡನೆಯದಕ್ಕೆ ಕಳಿಸುತ್ತಿರಲಿ. ಎರಡನೆಯದು ಬಂದ ಕೊನೆಯ ನಂಬರನ್ನು ತೋರಿಸುತ್ತಿರಲಿ. ಯುಪಿಎಸ್ ಇಲ್ಲದೆ, ಬರೆಯುತ್ತಿರುವಾಗಲೇ ಮೊದಲನೆಯದರ ಪ್ಲಗ್ ಕಿತ್ತುಬಿಡಿ. ಎದ್ದ ಮೇಲೆ ಫೈಲಿನ ಕೊನೆಯ ನಂಬರು ಎರಡನೆಯ ಕಂಪ್ಯೂಟರ್ ತೋರಿಸಿದ್ದಕ್ಕೆ ಸಮ ಇರಬೇಕು, ಅಥವಾ ಹೆಚ್ಚಿರಬೇಕು. ಇಪ್ಪತ್ತು ಮೂವತ್ತು ಸಲ ಕಿತ್ತು ನೋಡಿ, ಪ್ರತಿಸಲ ಎರಡೂ ನಂಬರು ಬರೆದಿಡಿ. ಒಂದೇ ಒಂದು ಸಲ ಕಡಿಮೆ ಬಂದರೂ, ಎಸ್‌ಟ್ರೇಸ್‌ನಲ್ಲಿ ಕ್ರಮ ಸರಿಯಿದ್ದರೆ, ಮೇಲಿನ ಸೆಟ್ಟಿಂಗುಗಳನ್ನು ಮತ್ತೊಮ್ಮೆ ನೋಡಿ. ಅಲ್ಲೂ ತಪ್ಪಿಲ್ಲದಿದ್ದರೆ ಆ ಡ್ರೈವನ್ನು ವೇಬ್ರಿಡ್ಜ್ ಕೋಣೆಗೆ ಒಯ್ಯಬೇಡಿ, ಬೇರೆಯದನ್ನು ತಂದು ಪರೀಕ್ಷೆಯನ್ನು ಮೊದಲಿಂದ ಶುರುಮಾಡಿ.